ಎಸಿಸಿ ಬ್ಯಾಂಡ್ ಹಿಡಿಯಲು ಐದು ವಾರ: ಕೋಳಿ ಲಿವರ್, ಒಂದು ಆಂಟಿಬಾಡಿ ಮತ್ತು ಬಯೋಟಿನ್ ಮಾಡಿದ ಮೋಸ

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮದು ಸಣ್ಣ ಲ್ಯಾಬ್. ಎಂಎಸ್ಸಿ ಓದುತ್ತಿರುವ ಒಬ್ಬ ಹುಡುಗಿಯ ಪ್ರಾಜೆಕ್ಟ್‌ಗಾಗಿ ಎಸಿಸಿ ಅನ್ನುವ ಎಂಜೈಮನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಬೇಕಿತ್ತು. ಪೂರ್ತಿ ಹೆಸರು ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್. ದೇಹ ಕೊಬ್ಬು ಕಟ್ಟುವ ಕೆಲಸದಲ್ಲಿ ಇದು ಮೊದಲ ಮೆಟ್ಟಿಲು. ಇದರ ಕೆಲಸ ಜಾಸ್ತಿಯಾದರೆ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಕೊಬ್ಬು ಕೂರುತ್ತದೆ, ಆಮೇಲೆ ಇನ್ಸುಲಿನ್ ಇದ್ದರೂ ಜೀವಕೋಶಗಳು ಅದರ ಮಾತು ಕೇಳುವುದಿಲ್ಲ. ಸಕ್ಕರೆ ಕಾಯಿಲೆಗೆ ನಮ್ಮಮ್ಮ ದಿನಾ ಊಟದ ಜೊತೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಗೂ ಈ ಎಂಜೈಮಿಗೂ ನಂಟಿದೆ. ಎಸಿಸಿ ಮೇಲೆ ಫಾಸ್ಫೇಟ್ ಕೂತರೆ ಅದರ ಕೆಲಸ ತಗ್ಗುತ್ತದೆ. ಆ ಫಾಸ್ಫೇಟ್ ಕೂರುವ ಜಾಗವನ್ನೇ ಬದಲಾಯಿಸಿದ ಇಲಿಗಳಿಗೆ ಮೆಟ್‌ಫಾರ್ಮಿನ್ ಸರಿಯಾಗಿ ಕೆಲಸ ಮಾಡಲಿಲ್ಲ ಅಂತ 2013ರಲ್ಲಿ ತೋರಿಸಿದ್ದಾರೆ. ಹಾಗಾಗಿ ಈ ಬ್ಯಾಂಡನ್ನು ನಮ್ಮ ಕೈಯಾರೆ ನೋಡಬೇಕು ಅನ್ನುವ ಆಸೆ ನನಗೆ ತುಂಬಾ ಇತ್ತು.

ವೆಸ್ಟರ್ನ್ ಬ್ಲಾಟ್ ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಅನ್ನುವ ತೆಳು ಹಾಳೆಗೆ ದಾಟಿಸಿ (ಇದೇ ಟ್ರಾನ್ಸ್‌ಫರ್), ಬೇಕಾದ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿಯಿಂದ ಅದನ್ನು ಗುರುತಿಸುವುದು. ಆ ಪ್ರೋಟೀನ್ ಇದ್ದ ಜಾಗದಲ್ಲಿ ಕಾಣುವ ಗೆರೆಯೇ ಬ್ಯಾಂಡ್. ಥಿಯರಿ ಇಷ್ಟು ಸಾಕು. 2025ರ ಜೂನ್, ಜುಲೈನಲ್ಲಿ ಮಾಡಿದ್ದನ್ನು ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದೇನೆ.

ಜೂನ್ 9, ಸೋಮವಾರ

ಏಪ್ರಿಲ್ ಕೊನೆಯಲ್ಲಿ ಆರ್ಡರ್ ಮಾಡಿದ ಆಂಟಿಬಾಡಿ ಇವತ್ತು ಬಂತು. ಮೊಲದ ಆಂಟಿಬಾಡಿ, 100 ಮೈಕ್ರೋಲೀಟರ್, 36,500 ರೂಪಾಯಿ. ಹನಿ ಲೆಕ್ಕದಲ್ಲಿ ನೋಡಿದರೆ ಸುಮಾರು ಎರಡೇ ಹನಿ. ಬೆಂಗಳೂರಿನಿಂದ ಇಲ್ಲಿಗೆ 70 ಕಿಲೋಮೀಟರ್ ದಾರಿ. ಆದರೂ ಶುಕ್ರವಾರ ಹೊರಟ ಡಬ್ಬ ಶನಿವಾರ, ಭಾನುವಾರ ಎಲ್ಲೋ ಗೋಡೌನಿನಲ್ಲಿ ಕೂತು ಸೋಮವಾರ ಕೈಗೆ ಸಿಕ್ಕಿತು. ಐಸ್ ಪ್ಯಾಕ್ ಕರಗಿ ಮೆತ್ತಗಾಗಿತ್ತು. ನನಗೆ ಎದೆ ಧಸಕ್ಕೆಂದಿತು. ಆದರೆ ಆಂಟಿಬಾಡಿಗಳು ನಾವು ಅಂದುಕೊಂಡಷ್ಟು ನಾಜೂಕಲ್ಲ, ಎರಡು ದಿನದ ಸೆಕೆ ತಡೆಯುತ್ತವೆ. ಇದು ತಡೆದಿತ್ತು, ಮುಂದೆ ಗೊತ್ತಾಯಿತು. ನಿಮ್ಮ ಆರ್ಡರ್ ಸೋಮವಾರ ಅಥವಾ ಮಂಗಳವಾರವೇ ಹೊರಡುವ ಹಾಗೆ ಮೊದಲೇ ಹೇಳಿಬಿಡಿ.

ಇದರಲ್ಲಿ ಅರ್ಧ ಗ್ಲಿಸರಾಲ್ ಇದೆ. ಹಾಗಾಗಿ ಮೈನಸ್ 20ರಲ್ಲಿ ಇಟ್ಟರೂ ಗಟ್ಟಿಯಾಗುವುದಿಲ್ಲ. ಸಣ್ಣ ಟ್ಯೂಬ್‌ಗಳಿಗೆ ಹಂಚುವ ಕೆಲಸ ಇಲ್ಲ.

ಜೂನ್ 12

ಸ್ಯಾಂಪಲ್‌ಗೆ ಕೋಳಿ ಲಿವರ್ ತಗೊಂಡೆವು. ಇದಕ್ಕೆ ಕಾರಣ ಇದೆ. ಕೋಳಿ ತನ್ನ ಮೈಯ ಕೊಬ್ಬನ್ನು ಮುಖ್ಯವಾಗಿ ಲಿವರ್‌ನಲ್ಲೇ ತಯಾರಿಸುತ್ತದೆ. ಹಾಗಾಗಿ ಎಸಿಸಿ ಅಲ್ಲಿ ಧಾರಾಳ. ಲ್ಯಾಬ್ ಇಲಿ ಸಾಕಲು ನಮ್ಮಲ್ಲಿ ಅನುಮತಿಯೂ ಇಲ್ಲ, ಜಾಗವೂ ಇಲ್ಲ. ಆಂಟಿಬಾಡಿಯ ಹಾಳೆಯಲ್ಲಿ ಮನುಷ್ಯ, ಇಲಿ ಅಂತ ಮಾತ್ರ ಇತ್ತು, ಕೋಳಿಯ ಹೆಸರಿರಲಿಲ್ಲ. ಅದು ಹಿಡಿಯುವ ತುಂಡಿನ ಸೀಕ್ವೆನ್ಸನ್ನು ಕೋಳಿಯ ಎಸಿಸಿ ಜೊತೆ ಹೋಲಿಸಿ ನೋಡಿದೆವು. ಹೆಚ್ಚೂಕಡಿಮೆ ಒಂದೇ ಇತ್ತು. ಧೈರ್ಯ ಮಾಡಿದೆವು.

ಬೆಳಗ್ಗೆ 7ಕ್ಕೆ ಶಿರಾ ಗೇಟ್ ಹತ್ತಿರದ ಕೋಳಿ ಅಂಗಡಿಯಿಂದ ಕಾಲು ಕಿಲೋ ಲಿವರ್, 50 ರೂಪಾಯಿ. ಕೊಯ್ದ ತಕ್ಷಣ ತೆಗೆದು ಐಸ್ ಡಬ್ಬಕ್ಕೆ ಹಾಕಿಸಿಕೊಂಡೆವು. 100 ಮಿಲಿಗ್ರಾಂ ಲಿವರ್‌ಗೆ ಜೀವಕೋಶ ಒಡೆಯಲು 1 ಮಿಲಿ ರಿಪಾ ಬಫರ್, ಪ್ರೋಟೀನ್ ಚೂರಾಗದಿರಲು ಆಗಷ್ಟೇ ಹಾಕಿದ ಪಿಎಂಎಸ್‌ಎಫ್. ಪಿಎಂಎಸ್‌ಎಫ್ ನೀರಿನಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಹಿಂದಿನ ದಿನವೇ ಬೆರೆಸಿಟ್ಟರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಐಸಿನ ಮೇಲೆ ಅರೆದು, ತಣ್ಣಗೆ 12,000 ಜಿಯಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್. ಮೇಲೆ ಬಿಳಿ ಕೊಬ್ಬಿನ ಕೆನೆ, ತಳದಲ್ಲಿ ಗಷ್ಟು. ನಡುವಿನ ತಿಳಿಯನ್ನು ಮಾತ್ರ ಎಳೆದುಕೊಳ್ಳಬೇಕು. ಪಿಪೆಟ್ ತುದಿ ಕೆನೆಗೆ ತಾಗಿದರೆ ಸ್ಯಾಂಪಲ್ ವೆಲ್‌ನಲ್ಲಿ ಕೂರದೆ ತೇಲುತ್ತದೆ.

ಮೊದಲ ತಪ್ಪು: ಪ್ರೋಟೀನ್ ಅಳೆಯಲು ಬ್ರಾಡ್‌ಫೋರ್ಡ್ ಅನ್ನುವ ಬಣ್ಣ ಹಾಕಿದೆವು. ರಿಪಾದಲ್ಲಿರುವ ಡಿಟರ್ಜೆಂಟ್‌ಗೆ ಬ್ರಾಡ್‌ಫೋರ್ಡ್ ಆಗಿಬರುವುದಿಲ್ಲ, ಖಾಲಿ ಬಫರ್ರೇ ನೀಲಿಯಾಯಿತು. ಬಿಸಿಎ ವಿಧಾನದಲ್ಲಿ ಮತ್ತೆ ಅಳೆದೆವು.

ಎರಡನೇ ತಪ್ಪು ದೊಡ್ಡದು. ಎಸಿಸಿ ಸುಮಾರು 265 ಕಿಲೋಡಾಲ್ಟನ್ ತೂಕದ ಪ್ರೋಟೀನ್. ಅದರ ಜೊತೆಗಾರ ಎಸಿಸಿ2 ಇನ್ನೂ ದೊಡ್ಡದು, 280. ಜೆಲ್‌ನ ಶೇಕಡಾ ಹೆಚ್ಚಿದಷ್ಟೂ ಅದರ ಜಾಲರಿ ಬಿಗಿ, ದೊಡ್ಡ ಪ್ರೋಟೀನ್ ಸಾಗುವುದು ಕಷ್ಟ. ನಾವು ಮಾತ್ರ ರೂಢಿಯಂತೆ 10% ಜೆಲ್ ಹುಯ್ದು, ಸೆಮಿ ಡ್ರೈ ಯಂತ್ರದಲ್ಲಿ ಒಂದು ಗಂಟೆ ಟ್ರಾನ್ಸ್‌ಫರ್ ಮಾಡಿದೆವು. ಆಮೇಲೆ ಜೆಲ್‌ಗೆ ಕುಮಾಸಿ ಬಣ್ಣ ಹಾಕಿದರೆ ದೊಡ್ಡ ಪ್ರೋಟೀನ್‌ಗಳೆಲ್ಲ ಜೆಲ್‌ನ ನೆತ್ತಿಯಲ್ಲೇ ಗುಂಪಾಗಿ ಕೂತಿವೆ. ಮೆಂಬ್ರೇನ್ ಮೇಲೆ 150 ಕಿಲೋಡಾಲ್ಟನ್‌ಗಿಂತ ದೊಡ್ಡದು ಏನೂ ಇಲ್ಲ. ಅದೃಷ್ಟಕ್ಕೆ ಆಂಟಿಬಾಡಿ ಹಾಕುವ ಮುಂಚೆ ಇದನ್ನು ನೋಡಿದ್ದೆವು. ಒಂದು ಹನಿಯೂ ಹಾಳಾಗಲಿಲ್ಲ.

ಜೂನ್ 16, 17

6% ಜೆಲ್. ಇದು ಹಾಲಿನ ಕೆನೆ ಇದ್ದ ಹಾಗೆ, ಕೈಯಲ್ಲಿ ಎತ್ತಿದರೆ ಹರಿದು ಚೂರಾಗುತ್ತದೆ. ಹಳೆಯ ಓಎಚ್‌ಪಿ ಹಾಳೆಯನ್ನು ಬಫರ್‌ನಲ್ಲಿ ನೆನೆಸಿ ಜೆಲ್ ಅಡಿಗೆ ತೂರಿಸಿ ಎತ್ತಿದೆವು, ಸಲೀಸಾಗಿ ಬಂತು. ಸ್ಯಾಂಪಲನ್ನು 95 ಡಿಗ್ರಿಯಲ್ಲಿ ಕುದಿಸಲಿಲ್ಲ, 70ರಲ್ಲಿ 10 ನಿಮಿಷ ಇಟ್ಟೆವು. ದೊಡ್ಡ ಪ್ರೋಟೀನ್‌ಗಳು ಜಾಸ್ತಿ ಕುದಿಸಿದರೆ ಒಂದಕ್ಕೊಂದು ಅಂಟಿಕೊಂಡು ವೆಲ್‌ನಲ್ಲೇ ನಿಂತುಬಿಡುತ್ತವೆ. ಲೇನ್‌ಗೆ 40 ಮೈಕ್ರೋಗ್ರಾಂ. ಪಕ್ಕದಲ್ಲಿ ಓಡಿಸಿದ ಮಾರ್ಕರ್‌ನ (ತೂಕ ಗೊತ್ತಿರುವ ಪ್ರೋಟೀನ್‌ಗಳ ಮಿಶ್ರಣ) 75ರ ಗೆರೆ ತಳದಿಂದ ಒಂದು ಬೆರಳು ಮೇಲಿರುವಾಗ ನಿಲ್ಲಿಸಿದೆವು.

ಟ್ರಾನ್ಸ್‌ಫರ್ ಬಫರ್‌ನಲ್ಲಿ ಮಾಮೂಲಿ 20% ಮೆಥನಾಲ್ ಬದಲು 10%, ಜೊತೆಗೆ 0.05% ಎಸ್‌ಡಿಎಸ್ ಅನ್ನುವ ಡಿಟರ್ಜೆಂಟ್. ಮೆಥನಾಲ್ ಜೆಲ್ಲನ್ನು ಬಿಗಿ ಮಾಡುತ್ತದೆ, ದೊಡ್ಡ ಪ್ರೋಟೀನ್ ಹೊರಗೆ ಬರಲು ಅದು ಅಡ್ಡಿ. ವೆಟ್ ಟ್ಯಾಂಕ್, 30 ವೋಲ್ಟ್, ರಾತ್ರಿಯಿಡೀ ಫ್ರಿಜ್ ಒಳಗೆ.

ಬೆಳಗ್ಗೆ ಬಂದು ನೋಡಿದರೆ ಪವರ್ ಪ್ಯಾಕ್ ಮೇಲೆ ಸೊನ್ನೆ. ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದಿದೆ. ನಮ್ಮ ಪವರ್ ಪ್ಯಾಕ್ ಕರೆಂಟ್ ಬಂದ ಮೇಲೆ ತಾನಾಗಿ ಶುರುವಾಗುವುದಿಲ್ಲ, ಯಾರಾದರೂ ಗುಂಡಿ ಒತ್ತಬೇಕು. ಎಷ್ಟು ಹೊತ್ತು ಓಡಿತ್ತೋ ದೇವರಿಗೇ ಗೊತ್ತು. ಬ್ಯಾಂಡ್‌ಗಳೆಲ್ಲ ಹರಡಿ ಮಸುಕಾಗಿದ್ದವು. ಎಸೆದೆವು.

ಜೂನ್ 20, ಶುಕ್ರವಾರ

ರಾತ್ರಿ ಕೆಲಸ ಬೇಡ ಅಂತ ತೀರ್ಮಾನ ಮಾಡಿ ಹಗಲಿಗೆ ಬದಲಾಯಿಸಿದೆವು. ಹಿಂದಿನ ಸಂಜೆ ಜೆಲ್ ಹುಯ್ದಿಟ್ಟು, ಬೆಳಗ್ಗೆ 6ಕ್ಕೆ ಓಡಿಸಲು ಶುರು. 80 ರೂಪಾಯಿಯ ಥರ್ಮಾಕೋಲ್ ಡಬ್ಬದಲ್ಲಿ ಟ್ಯಾಂಕ್ ಇಟ್ಟು, ಸುತ್ತ ನೀರು ತುಂಬಿ ಗಟ್ಟಿಯಾಗಿಸಿದ ಬಾಟಲಿಗಳು. 100 ವೋಲ್ಟ್, 3 ಗಂಟೆ, ಗಂಟೆಗೊಮ್ಮೆ ಬಾಟಲಿ ಬದಲು. ಪವರ್ ಪ್ಯಾಕ್ ಪ್ಲಗ್ಗನ್ನು ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಲೈನಿಗೆ ಹಾಕಿಕೊಟ್ಟವರು ನಮ್ಮ ಅಟೆಂಡರ್ ಅಣ್ಣ. ಪಾನ್ಸೋ ಬಣ್ಣದಲ್ಲಿ 250ರ ಮೇಲೂ ಕೆಂಪು ಗೆರೆಗಳು ಕಂಡವು. ಟ್ರಾನ್ಸ್‌ಫರ್ ಗೆದ್ದಂತಾಯಿತು.

ಎಸಿಸಿಯನ್ನು ಹಿಡಿಯುವ ಮೊಲದ ಆಂಟಿಬಾಡಿಗೆ ಪ್ರೈಮರಿ ಅನ್ನುತ್ತೇವೆ, ಅದನ್ನು ಹಿಡಿಯುವ ಇನ್ನೊಂದು ಆಂಟಿಬಾಡಿಗೆ ಸೆಕೆಂಡರಿ. ಅದರ ಜೊತೆಗಿರುವ ಎಚ್‌ಆರ್‌ಪಿ ಅನ್ನುವ ಎಂಜೈಮ್ ಇಸಿಎಲ್ ದ್ರಾವಣ ಹಾಕಿದಾಗ ಬೆಳಕು ಕೊಡುತ್ತದೆ, ಆ ಬೆಳಕು ಫಿಲ್ಮ್ ಮೇಲೆ ಬ್ಯಾಂಡ್ ಆಗುತ್ತದೆ. ಎಚ್‌ಆರ್‌ಪಿ ಅಂಟಿಸಿದ ಸೆಕೆಂಡರಿ ಆಂಟಿಬಾಡಿ ನಮ್ಮಲ್ಲಿ ಇರಲಿಲ್ಲ. ಬೀರುವಿನಲ್ಲಿ ಒಂದು ಕಿಟ್ ಇತ್ತು, ಬಯೋಟಿನ್ (ಒಂದು ಬಿ ವಿಟಮಿನ್) ಅಂಟಿಸಿದ ಸೆಕೆಂಡರಿ, ಅದನ್ನು ಹಿಡಿಯಲು ಸ್ಟ್ರೆಪ್ಟಾವಿಡಿನ್ ಎಚ್‌ಆರ್‌ಪಿ. ಅವಧಿ ಇನ್ನೂ ಮುಗಿದಿರಲಿಲ್ಲ. ಸುಮ್ನೆ ಯಾಕೆ 7,000 ಖರ್ಚು ಮಾಡುವುದು ಅಂತ ಅದನ್ನೇ ಬಳಸಿದೆವು. ಮೆಂಬ್ರೇನಿನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಿರಲು 3% ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಬ್ಲಾಕ್. ಪ್ರೈಮರಿ 1:1000, 8 ಮಿಲಿಗೆ 8 ಮೈಕ್ರೋಲೀಟರ್, ಶುಕ್ರವಾರ ರಾತ್ರಿ ಫ್ರಿಜ್‌ನಲ್ಲಿ. ಮಾರನೇ ದಿನ ತೊಳೆದು ಉಳಿದ ಕೆಲಸ. ಬಳಸಿದ ಪ್ರೈಮರಿ ಕೆಡದಿರಲು 0.02% ಸೋಡಿಯಂ ಅಜೈಡ್ ಹಾಕಿ ಫ್ರಿಜ್‌ನಲ್ಲಿ ಇಟ್ಟುಕೊಂಡೆವು, ನಾಲ್ಕೈದು ಸಲ ಬಳಸಬಹುದು.

ಡಾರ್ಕ್ ರೂಮ್ ಅಂದರೆ ನಮ್ಮ ಸ್ಟೋರ್ ರೂಮ್. ಕಿಟಕಿಗೆ ಕಪ್ಪು ಕಾಗದ, ಒಂದು ಕೆಂಪು ಬಲ್ಬ್. ಎಕ್ಸ್‌ರೇ ಫಿಲ್ಮ್ ತೊಳೆಯುವ ಡೆವಲಪರ್, ಫಿಕ್ಸರ್ ಈಗ ಸುಲಭಕ್ಕೆ ಸಿಗುವುದಿಲ್ಲ. ಬಿ.ಎಚ್. ರಸ್ತೆಯ ಹಳೇ ಸ್ಟುಡಿಯೋದವರೊಬ್ಬರು ಹುಡುಕಿ ತರಿಸಿಕೊಟ್ಟರು. ಎರಡು ನಿಮಿಷದ ಎಕ್ಸ್‌ಪೋಷರ್. ಟ್ರೇ ಅಲ್ಲಾಡಿಸುತ್ತಿದ್ದ ಹಾಗೆ ಫಿಲ್ಮ್ ಮೇಲೆ ಮೊದಲು ಒಂದು ಬೂದು ಗೆರೆ, ಆಮೇಲೆ ಅದು ಕಪ್ಪಗೆ ಕಟ್ಟಿಕೊಂಡಿತು. 250ಕ್ಕಿಂತ ಕೂದಲಿನಷ್ಟು ಮೇಲೆ. ಎಸಿಸಿ ಎಲ್ಲಿರಬೇಕೋ ಅಲ್ಲೇ. ಹುಡುಗಿ "ಮೇಡಂ!" ಅಂತ ಕೂಗಿದಳು. ನನ್ನ ಕಣ್ಣಲ್ಲೂ ನೀರು ಬಂತು.

ಕೆಳಗೆ ಇನ್ನೂ ಎರಡು ಬ್ಯಾಂಡ್ ಇದ್ದವು. 130ರ ಹತ್ತಿರ ಒಂದು ದಪ್ಪನೆಯದು, 75ರ ಹತ್ತಿರ ಇನ್ನೊಂದು. ಎಸಿಸಿ ಅಷ್ಟು ದೊಡ್ಡ ಪ್ರೋಟೀನ್ ಅಲ್ವಾ, ಒಡೆದ ಚೂರುಗಳಿರಬೇಕು ಅಂತ ನಾವೇ ಕಾರಣ ಕಟ್ಟಿಕೊಂಡೆವು. ಈ ಐದು ವಾರದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಬೇಕಾದ ಬ್ಯಾಂಡ್ ಬೇಕಾದ ಜಾಗದಲ್ಲಿ ಕಂಡಿತಲ್ಲ ಅಂತ, ಬೇಡದ ಎರಡಕ್ಕೆ ಸಬೂಬು ಹುಡುಕಿದೆ.

ಜೂನ್ 23, 24

ಫಿಲ್ಮಿನ ಫೋಟೋವನ್ನು ನನಗೆ ಪಾಠ ಹೇಳಿದ ಗುರುಗಳಿಗೆ ಕಳಿಸಿದ್ದೆ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಪ್ರೈಮರಿ ಹಾಕದೆ ಒಂದು ಪಟ್ಟಿ ಮಾಡಿದ್ಯೇನಮ್ಮಾ?" ಮಾಡಿರಲಿಲ್ಲ.

ಅವತ್ತೇ ಹೊಸ ಜೆಲ್. ಮೆಂಬ್ರೇನನ್ನು ಮೂರು ಪಟ್ಟಿ ಮಾಡಿ ಕತ್ತರಿಸಿದೆವು. ಒಂದಕ್ಕೆ ಎಲ್ಲವೂ. ಎರಡನೆಯದಕ್ಕೆ ಪ್ರೈಮರಿ ಇಲ್ಲ. ಮೂರನೆಯದಕ್ಕೆ ಪ್ರೈಮರಿಯೂ ಇಲ್ಲ, ಸೆಕೆಂಡರಿಯೂ ಇಲ್ಲ, ಬರೀ ಸ್ಟ್ರೆಪ್ಟಾವಿಡಿನ್.

ಮರುದಿನ ಫಿಲ್ಮ್ ತೊಳೆದರೆ ಮೂರರಲ್ಲೂ ಅದೇ ಮೂರು ಬ್ಯಾಂಡ್. 265, 130, 75. ಆಂಟಿಬಾಡಿಯೇ ಇಲ್ಲದ ಪಟ್ಟಿಯಲ್ಲೂ "ಎಸಿಸಿ" ನಗುತ್ತಾ ಕೂತಿದೆ.

ಕಾರಣ ಪಠ್ಯಪುಸ್ತಕದಲ್ಲೇ ಇದೆ, ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ. ಎಸಿಸಿ ಕೆಲಸ ಮಾಡುವುದೇ ಬಯೋಟಿನ್ ಹಿಡಿದುಕೊಂಡು. ಆ ಬಯೋಟಿನ್ ಪ್ರೋಟೀನಿಗೇ ಗಟ್ಟಿಯಾಗಿ ಬೆಸೆದಿರುತ್ತದೆ, ಎಸ್‌ಡಿಎಸ್ ಹಾಕಿ ಬಿಸಿ ಮಾಡಿದರೂ ಬಿಡುವುದಿಲ್ಲ. ಲಿವರ್‌ನಲ್ಲಿ ಹೀಗೆ ಬಯೋಟಿನ್ ಹೊತ್ತ ಎಂಜೈಮ್‌ಗಳು ಇನ್ನೂ ಇವೆ. 130ರಲ್ಲಿ ಪೈರುವೇಟ್ ಕಾರ್ಬಾಕ್ಸಿಲೇಸ್. 75ರ ಆಸುಪಾಸಿನಲ್ಲಿ ಪ್ರೊಪಿಯೋನಿಲ್ ಮತ್ತು ಮೀಥೈಲ್‌ಕ್ರೋಟೋನಿಲ್ ಕೋಎ ಕಾರ್ಬಾಕ್ಸಿಲೇಸ್‌ಗಳ ಬಯೋಟಿನ್ ಹೊತ್ತ ಉಪಘಟಕಗಳು. ಪೈರುವೇಟ್ ಕಾರ್ಬಾಕ್ಸಿಲೇಸನ್ನು ಮೊದಲು ಕಂಡುಹಿಡಿದದ್ದೇ ಕೋಳಿ ಲಿವರ್‌ನಲ್ಲಿ. ನಾವು ಆರಿಸಿದ ಸ್ಯಾಂಪಲ್ಲೂ ಅದೇ. ಸ್ಟ್ರೆಪ್ಟಾವಿಡಿನ್‌ಗೆ ಬಯೋಟಿನ್ ಎಲ್ಲಿ ಕಂಡರೂ ಒಂದೇ, ಹೋಗಿ ಕೂರುತ್ತದೆ.

ಬಯೋಟಿನ್ ಹೊರದ ಬೇರೆ ಯಾವ ಪ್ರೋಟೀನ್ ಹುಡುಕುತ್ತಿದ್ದರೂ ಇದು ತಪ್ಪು ಜಾಗದಲ್ಲಿ ಬ್ಯಾಂಡ್ ಕೊಟ್ಟು ನಮ್ಮನ್ನು ಎಚ್ಚರಿಸುತ್ತಿತ್ತು. ಎಸಿಸಿಯಂಥ ಬಯೋಟಿನ್ ಹೊತ್ತ ಎಂಜೈಮ್ ವಿಷಯದಲ್ಲಿ ಮಾತ್ರ ಸರಿಯಾದ ಜಾಗದಲ್ಲೇ ಬ್ಯಾಂಡ್ ಕೊಡುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಜೂನ್ 26ರಿಂದ 28

ಹೊಸ ಸೆಕೆಂಡರಿ ಬರಲು ಒಂದು ವಾರ. ಅಷ್ಟರಲ್ಲಿ ಮೊಟ್ಟೆಯ ಬಿಳಿ ಪ್ರಯತ್ನ ಮಾಡಿದೆವು. ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಇದೆ, ಅದು ಬಯೋಟಿನ್ನನ್ನು ಗಬಕ್ಕನೆ ಹಿಡಿದು ಮುಚ್ಚಿಹಾಕುತ್ತದೆ. ಅಂಗಾಂಶದ ಸ್ಲೈಡ್‌ಗಳಿಗೆ ಈ ಉಪಾಯ ಮಾಡುತ್ತಾರೆ. ಎರಡು ಮೊಟ್ಟೆ, 14 ರೂಪಾಯಿ. ಬಿಳಿಯನ್ನು ನೀರಿನಲ್ಲಿ 5% ಕದಡಿ, ಬಟ್ಟೆಯಲ್ಲಿ ಸೋಸಿ, ಮೆಂಬ್ರೇನನ್ನು ಅರ್ಧ ಗಂಟೆ ಅದರಲ್ಲಿಟ್ಟೆವು. ಆಮೇಲೆ ಅವಿಡಿನ್‌ನ ಖಾಲಿ ಬಾಯಿಗಳನ್ನು ತುಂಬಲು ಬಯೋಟಿನ್ ದ್ರಾವಣ.

ಬ್ಯಾಂಡ್‌ಗಳು ಮಂಕಾದವು, ಹೋಗಲಿಲ್ಲ. ಮೇಲಾಗಿ ಇಡೀ ಪಟ್ಟಿ ಹೊಗೆ ಹಿಡಿದ ಹಾಗೆ ಕಪ್ಪಾಯಿತು. ಅವಿಡಿನ್‌ಗೆ ಪ್ಲಸ್ ಚಾರ್ಜ್ ಜಾಸ್ತಿ, ಸಿಕ್ಕಲ್ಲೆಲ್ಲ ಅಂಟುತ್ತದೆ. ಎರಡು ಸಲ ಮಾಡಿ ಕೈಬಿಟ್ಟೆವು. ಬ್ಲಾಟ್‌ಗೆ ಈ ದಾರಿ ನಾನು ಯಾರಿಗೂ ಹೇಳುವುದಿಲ್ಲ.

ಜುಲೈ 4

ಎಚ್‌ಆರ್‌ಪಿ ನೇರವಾಗಿ ಅಂಟಿಸಿದ ಮೊಲದ ವಿರುದ್ಧದ ಸೆಕೆಂಡರಿ ಬಂತು, 7,200 ರೂಪಾಯಿ. ಬಯೋಟಿನ್ ಗೊಡವೆ ಮುಗಿಯಿತು ಅಂದುಕೊಂಡು ಎಲ್ಲ ಸರಿಯಾಗಿ ಮಾಡಿದೆವು. ಫಿಲ್ಮ್ ಪೂರ್ತಿ ಖಾಲಿ. 2 ನಿಮಿಷ, 10 ನಿಮಿಷ, ಅರ್ಧ ಗಂಟೆ ಇಟ್ಟರೂ ಚುಕ್ಕೆಯಿಲ್ಲ. ಪ್ರೈಮರಿ ಕೋಳಿಯನ್ನು ಹಿಡಿಯುವುದೇ ಇಲ್ಲವೇನೋ, 36,500 ನೀರಿಗೆ ಹೋಯಿತು ಅಂತ ಆ ವಾರಾಂತ್ಯ ನಿದ್ದೆ ಬರಲಿಲ್ಲ.

ಜುಲೈ 8

ಒಂದು ಸಣ್ಣ ಪರೀಕ್ಷೆ. ಕತ್ತಲೆಯಲ್ಲಿ ಒಂದು ಟ್ಯೂಬ್‌ಗೆ ಇಸಿಎಲ್ ದ್ರಾವಣ, ಅದಕ್ಕೆ 1 ಮೈಕ್ರೋಲೀಟರ್ ಸೆಕೆಂಡರಿ. ನೀಲಿ ಬೆಳಕು ಚೆನ್ನಾಗಿ ಹೊಳೆಯಿತು, ಮಿಂಚುಹುಳ ಕೈಯಲ್ಲಿ ಹಿಡಿದ ಹಾಗೆ. ಅಂದರೆ ಸೆಕೆಂಡರಿಯೂ ಸರಿ, ಇಸಿಎಲ್ಲೂ ಸರಿ. ಇನ್ನೊಂದು ಟ್ಯೂಬ್‌ಗೆ ಅದನ್ನೇ ಹಾಕಿ, ಜೊತೆಗೆ ನಾವು ತೊಳೆಯಲು ಬಳಸುವ ಟಿಬಿಎಸ್‌ಟಿ ಬಫರ್ ಸೇರಿಸಿದೆವು. ಕ್ಷಣದಲ್ಲಿ ಕತ್ತಲೆ.

ಈ ಬಫರ್ ಮಾಡಲು ಬಳಸುವ ಟಿಬಿಎಸ್ ಸ್ಟಾಕನ್ನು ಜುಲೈ 1ರಂದು ನಾನೇ ಹೊಸದಾಗಿ ಮಾಡಿದ್ದೆ. ಮಳೆಗಾಲ, ಹಿಂದಿನ ಬಾಟಲಿಯಲ್ಲಿ ಬೂಷ್ಟು ಬಂದಿತ್ತು. ಇನ್ನು ಬರದಿರಲಿ ಅಂತ ಇದಕ್ಕೂ ಅಜೈಡ್ ಹಾಕಿದ್ದೆ. ಪ್ರೈಮರಿ ಟ್ಯೂಬಿಗೆ ಅಜೈಡ್ ಹಾಕಿದರೆ ತೊಂದರೆಯಿಲ್ಲ, ಆಮೇಲೆ ತೊಳೆದು ಹೋಗುತ್ತದೆ. ತೊಳೆಯುವ ಬಫರ್‌ನಲ್ಲೇ ಅಜೈಡ್ ಇದ್ದರೆ ಅದು ಎಲ್ಲಿಗೆ ಹೋಗಬೇಕು? ಎಚ್‌ಆರ್‌ಪಿಗೆ ಅಜೈಡ್ ವಿಷ. ಬಾಟಲಿ ಮೇಲೆ ಬರೆದೂ ಇರಲಿಲ್ಲ. ಹುಡುಗಿ ಮೂರು ದಿನ ತನ್ನ ಕೈ ತಪ್ಪಿರಬೇಕು ಅಂತ ಕೊರಗಿದ್ದಳು. ತಪ್ಪು ನನ್ನದು ಅಂತ ಎಲ್ಲರೆದುರು ಹೇಳಿದೆ.

ಅಜೈಡ್ ಇದ್ದದ್ದನ್ನು ಸಿಂಕಿಗೆ ಸುರಿಯಬೇಡಿ, ಬೇರೆ ವೇಸ್ಟ್ ಕ್ಯಾನ್‌ಗೆ ಹಾಕಿ. ಲೋಹದ ಪೈಪಿನಲ್ಲಿ ಸೇರಿಕೊಂಡರೆ ಸಿಡಿಯುವ ಅಪಾಯ ಇದೆ.

ಹೊಸ ಬಫರ್‌ಗೆ ನೀರು ಹಿಡಿಯುವ ಮುಂಚೆ ಡಿಸ್ಟಿಲೇಷನ್ ಯೂನಿಟ್ ಕೂಡ ತೊಳೆದೆವು. ನಮ್ಮ ಬೋರ್‌ವೆಲ್ ನೀರು ಗಡಸು, ಕಾಯಿಲ್ ಮೇಲೆ ಸುಣ್ಣ ಕಟ್ಟಿತ್ತು. 30 ರೂಪಾಯಿಯ ನಿಂಬೆ ಉಪ್ಪು ಸಾಕಾಯಿತು.

ಜುಲೈ 13, 14, 15

ಅಂಗಡಿ ಕೋಳಿಗಳನ್ನು ಕೊಯ್ಯುವ ಮುಂಚೆ ಹಲವು ಗಂಟೆ ಮೇವಿಲ್ಲದೆ ಇಟ್ಟಿರುತ್ತಾರೆ. ಹಸಿದ ಕೋಳಿಯ ಲಿವರ್‌ನಲ್ಲಿ ಎಸಿಸಿ ಇಳಿಯುತ್ತದೆ. ಹೊಟ್ಟೆ ತುಂಬಿದ ಕೋಳಿ ಬೇಕು ಅಂತ ನಾನು ಅಂದದ್ದಕ್ಕೆ ಹುಡುಗಿ, "ನಮ್ಮನೇಲಿ ಭಾನುವಾರ ನಾಟಿ ಕೋಳಿ ಕೊಯ್ತಾರೆ ಮೇಡಂ. ಶ್ರಾವಣ ಶುರುವಾದ್ರೆ ಒಂದು ತಿಂಗಳು ಸಿಗಲ್ಲ, ಈಗಲೇ ತಂದುಬಿಡ್ತೀನಿ" ಅಂದಳು. ಗುಬ್ಬಿ ಹತ್ತಿರ ಅವರ ಊರು. ಬೆಳಗ್ಗೆ ರಾಗಿ, ಜೋಳ ಹೊಟ್ಟೆ ತುಂಬ ತಿಂದ ಕೋಳಿ. ಅವರಮ್ಮನೇ ಲಿವರ್ ತೆಗೆದು ಐಸ್ ತುಂಬಿದ ಫ್ಲಾಸ್ಕ್‌ಗೆ ಹಾಕಿ ಬಸ್ಸು ಹತ್ತಿಸಿದ್ದರು. ನಾನು ಭಾನುವಾರವೇ ಲ್ಯಾಬ್ ತೆಗೆದು ಅರೆದಿಟ್ಟೆ.

ಸೋಮವಾರ 6% ಜೆಲ್, ಅದೇ ಟ್ರಾನ್ಸ್‌ಫರ್. ಒಂದೇ ಮೆಂಬ್ರೇನಿನಿಂದ ನಾಲ್ಕು ಪಟ್ಟಿ:

ಒಂದು, ಅಂಗಡಿ ಲಿವರ್, ಪ್ರೈಮರಿ ಮತ್ತು ಎಚ್‌ಆರ್‌ಪಿ ಸೆಕೆಂಡರಿ.
ಎರಡು, ನಾಟಿ ಲಿವರ್, ಅದೇ ರೀತಿ.
ಮೂರು, ನಾಟಿ ಲಿವರ್, ಪ್ರೈಮರಿ ಇಲ್ಲ.
ನಾಲ್ಕು, ನಾಟಿ ಲಿವರ್, ಸ್ಟ್ರೆಪ್ಟಾವಿಡಿನ್ ಎಚ್‌ಆರ್‌ಪಿ ಮಾತ್ರ.

ಮೊದಲ ಮೂರಕ್ಕೆ 5% ಕೆನೆರಹಿತ ಹಾಲಿನ ಪುಡಿಯ ಬ್ಲಾಕ್. ನಾಲ್ಕನೆಯದಕ್ಕೆ ಬಿಎಸ್‌ಎ, ಯಾಕೆಂದರೆ ಹಾಲಿನಲ್ಲೂ ಬಯೋಟಿನ್ ಇದೆ. ಪ್ರೈಮರಿ ಹೊಸದಾಗಿ 5 ಮಿಲಿಗೆ 5 ಮೈಕ್ರೋಲೀಟರ್. ಸೆಕೆಂಡರಿ 1:5000, ಒಂದು ಗಂಟೆ. ಅಜೈಡ್ ಇಲ್ಲದ ಬಫರ್‌ನಲ್ಲಿ ಹತ್ತತ್ತು ನಿಮಿಷ, ನಾಲ್ಕು ಸಲ ತೊಳೆತ.

ಮಂಗಳವಾರ ಮಧ್ಯಾಹ್ನ ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಿ ಫಿಲ್ಮ್ ಇಟ್ಟೆವು. ಈ ಸಲ ಇಬ್ಬರೂ ಮಾತಾಡಲಿಲ್ಲ. ನನ್ನ ಕಣ್ಣು ಮೊದಲು ಹೋದದ್ದು ಮೂರನೇ ಪಟ್ಟಿಗೆ. ಅದು ಖಾಲಿ. ಡೆವಲಪರ್‌ನಲ್ಲಿ ಇನ್ನೊಂದು ನಿಮಿಷ ಬಿಟ್ಟರೂ ಖಾಲಿ. ಆಮೇಲೆ ಎರಡನೆಯದನ್ನು ನೋಡಿದೆ. 250ರ ಮೇಲೆ ಒಂದೇ ಒಂದು ಬ್ಯಾಂಡ್, ಕಾಡಿಗೆ ಎಳೆದ ಹಾಗೆ. 130ರಲ್ಲಿ ಏನಿಲ್ಲ, 75ರಲ್ಲಿ ಏನಿಲ್ಲ. ಅಂಗಡಿ ಲಿವರ್‌ನಲ್ಲೂ ಅದೇ ಬ್ಯಾಂಡ್, ತೆಳ್ಳಗೆ.

ನಾಲ್ಕನೇ ಪಟ್ಟಿಯಲ್ಲಿ ಹಳೆಯ ಮೂರೂ ಬ್ಯಾಂಡ್ ಇದ್ದವು. ಸ್ಕೇಲ್ ಇಟ್ಟು ಅಳೆದೆವು. ಅದರ ಮೇಲಿನ ಬ್ಯಾಂಡ್, ಆಂಟಿಬಾಡಿ ಕೊಟ್ಟ ಬ್ಯಾಂಡ್, ಎರಡೂ ಒಂದೇ ಗೆರೆಯಲ್ಲಿ. ಆಂಟಿಬಾಡಿ ಪ್ರೋಟೀನಿನ ಸೀಕ್ವೆನ್ಸಿನ ಒಂದು ತುಂಡು ನೋಡಿ ಹಿಡಿಯುತ್ತದೆ, ಸ್ಟ್ರೆಪ್ಟಾವಿಡಿನ್ ಬಯೋಟಿನ್ ನೋಡಿ ಹಿಡಿಯುತ್ತದೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮನೆ ತೋರಿಸಿದ ಹಾಗಾಯಿತು. ನಮಗೆ ಮೋಸ ಮಾಡಿದ ಕಿಟ್ಟನ್ನು ಈಗ ಎಸಿಸಿಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ. ಪ್ರತಿ ಬ್ಲಾಟ್‌ನಲ್ಲೂ ಒಂದು ಪಟ್ಟಿ ಅದಕ್ಕೆ ಮೀಸಲು.

ನಾಟಿ ಕೋಳಿಯಲ್ಲಿ ಜಾಸ್ತಿ, ಅಂಗಡಿ ಕೋಳಿಯಲ್ಲಿ ಕಡಿಮೆ ಅಂತ ನಾನು ಎಲ್ಲೂ ಬರೆಯುವುದಿಲ್ಲ. ಎರಡೇ ಕೋಳಿ, ತಳಿಯೂ ಬೇರೆ, ಮೇವೂ ಬೇರೆ. ಒಂದೇ ಮನೆಯ, ಒಂದೇ ವಯಸ್ಸಿನ, ತಿಂದ ಮೂರು ಮತ್ತು ಹಸಿದ ಮೂರು ಕೋಳಿ ಬೇಕು. ಅದು ಶ್ರಾವಣ ಕಳೆದ ಮೇಲೆ.

ಖರ್ಚು

ಪ್ರೈಮರಿ 36,500. ಸೆಕೆಂಡರಿ 7,200. ಪಿವಿಡಿಎಫ್ ಮೆಂಬ್ರೇನ್ 4,800. ಇಸಿಎಲ್ 5,500. ಫಿಲ್ಮ್, ಡೆವಲಪರ್, ಫಿಕ್ಸರ್ 2,100. ಲಿವರ್, ಮೊಟ್ಟೆ, ಥರ್ಮಾಕೋಲ್, ಕಪ್ಪು ಕಾಗದ, ಬಲ್ಬ್, ನಿಂಬೆ ಉಪ್ಪು ಎಲ್ಲ ಸೇರಿ 274. ಒಟ್ಟು 56,374 ರೂಪಾಯಿ. ನಾಟಿ ಕೋಳಿ ಲಿವರ್‌ಗೆ ಅವರಮ್ಮ ದುಡ್ಡು ತಗೊಳ್ಳಲಿಲ್ಲ.

ಪ್ರೈಮರಿಯಲ್ಲಿ ಈವರೆಗೆ ಮುಗಿದದ್ದು 13 ಮೈಕ್ರೋಲೀಟರ್. ಬಳಸಿದ 5 ಮಿಲಿ ಫ್ರಿಜ್ ಬಾಗಿಲಿನಲ್ಲಿದೆ. ಅದರ ಮೇಲೆ ಹುಡುಗಿ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "ಎಸಿಸಿ, 1:1000, ಜುಲೈ 14, ಅಜೈಡ್ ಇದೆ."